ಜಾಂಬೋಟಿ ಪ್ರದೇಶ: ಬೆಳವಣಿಗೆಯ ವೈಕಲ್ಯವುಳ್ಳವರ ಸೇವೆಗಳು ಮತ್ತು ಅವುಗಳ ಸಮನ್ವಯ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಇಳಿಯುವ ರಸ್ತೆಯ ಮೇಲಿರುವ ಜಾಂಬೋಟಿ, ಸಹ್ಯಾದ್ರಿಯ ಕಾಡಂಚಿನಲ್ಲಿ ಚದುರಿಕೊಂಡಿರುವ ಅನೇಕ ಸಣ್ಣ ಹಳ್ಳಿಗಳಿಗೆ ಬಸ್ಸು, ಅಂಗಡಿ, ಕಚೇರಿಗಳ ಹತ್ತಿರದ ನೆಲೆಯಾಗಿದೆ. ಮಲಪ್ರಭಾ ನದಿಯ ಉಗಮಸ್ಥಾನವಾದ ಕಣಕುಂಬಿ, ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದಾದ ಆಮಗಾಂವ, 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ ಇವೆಲ್ಲ ಈ ಸುತ್ತಿನವೇ. ತಾಲ್ಲೂಕು ಕೇಂದ್ರವಾದ ಖಾನಾಪುರ ಒಂದು ಕಡೆಗೂ ಜಿಲ್ಲಾ ಕೇಂದ್ರವಾದ ಬೆಳಗಾವಿ ಇನ್ನೊಂದು ಕಡೆಗೂ ಇರುವುದರಿಂದ, ಬೆಳವಣಿಗೆಯ ವೈಕಲ್ಯವುಳ್ಳ ಮಗುವಿರುವ ಇಲ್ಲಿಯ ಮನೆಯವರು ಮಾಸಾಶನಕ್ಕೆ ಒಂದು ಊರಿಗೆ, ಪ್ರಮಾಣಪತ್ರಕ್ಕೆ ಮತ್ತೊಂದು ಊರಿಗೆ ಅಲೆಯಬೇಕಾಗುತ್ತದೆ. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲಕ್ಕೆ ಕೊಡುವ ನೆರವನ್ನು ಒಬ್ಬ ವ್ಯಕ್ತಿಯ ಬದುಕಿಗೆ ಹೊಂದುವಂತೆ ಒಗ್ಗೂಡಿಸುವ ಕೆಲಸಕ್ಕೆ ಸೇವಾ ಸಮನ್ವಯ ಎಂದು ಹೆಸರು. ಈ ಸಮನ್ವಯ ಎಲ್ಲಿ ಕೂಡಿ ಬರುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂಬುದು ಜಾಂಬೋಟಿಯಂಥ ಸೀಮೆಯಲ್ಲಿ ನಗರಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಬೆಳವಣಿಗೆಯ ವೈಕಲ್ಯ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಹುಟ್ಟಿನಿಂದಲೋ ಬಾಲ್ಯದಲ್ಲೋ ತೋರಿಕೊಂಡು, ಕಲಿಕೆ, ಮಾತು, ಚಲನೆ, ಜನರೊಡನೆ ಬೆರೆಯುವಿಕೆ, ಸ್ವಂತ ಕೆಲಸಗಳ ನಿರ್ವಹಣೆ ಇವುಗಳಲ್ಲಿ ಒಂದನ್ನೋ ಹಲವನ್ನೋ ಬಾಧಿಸಿ, ಬದುಕಿನುದ್ದಕ್ಕೂ ಉಳಿಯುವ ಸ್ಥಿತಿಗಳ ಗುಂಪನ್ನು ಹೀಗೆ ಕರೆಯುತ್ತಾರೆ. ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದ ಬೌದ್ಧಿಕ ವೈಕಲ್ಯ, ಆಟಿಸಂ, ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇವು ಅದರಲ್ಲಿ ಮುಖ್ಯವಾದವು. ಕಾರಣಗಳಲ್ಲಿ ಕೆಲವು ವಂಶವಾಹಿಗಳಿಗೆ ಸೇರಿದವಾದರೆ, ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟುವುದು, ದಿನ ತುಂಬುವ ಮೊದಲೇ ಹುಟ್ಟುವುದು, ನವಜಾತ ಶಿಶುವಿನ ತೀವ್ರ ಕಾಮಾಲೆಗೆ ಚಿಕಿತ್ಸೆ ತಡವಾಗುವುದು ಮುಂತಾದವು ತಡೆಯಬಹುದಾದ ಕಾರಣಗಳು. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದಾಗ ರೋಗಿಯನ್ನು ಕಂಬಕ್ಕೆ ಕಟ್ಟಿದ ಜೋಲಿಯಲ್ಲಿ ಹೊತ್ತು ರಸ್ತೆಯವರೆಗೆ ತರಬೇಕಾದ ಕಾಡಿನ ಹಳ್ಳಿಗಳಲ್ಲಿ, ಹೆರಿಗೆಗೆ ಆಸ್ಪತ್ರೆ ತಲುಪುವ ವೇಳೆಯೇ ಒಂದು ಮಗುವಿನ ಮಿದುಳಿನ ಭವಿಷ್ಯವನ್ನು ನಿರ್ಧರಿಸಬಲ್ಲದು. ಆದ್ದರಿಂದ ವೈಕಲ್ಯದ ನೀತಿ ಇಲ್ಲಿ ಆರೋಗ್ಯ ಇಲಾಖೆಯಲ್ಲಿ ಮಾತ್ರ ಮುಗಿಯುವುದಿಲ್ಲ. ಸೇತುವೆ ಕಟ್ಟುವ ಇಲಾಖೆಯೂ, ಅಭಯಾರಣ್ಯದೊಳಗೆ ರಸ್ತೆಗೆ ಅನುಮತಿ ಕೊಡಬೇಕಾದ ಅರಣ್ಯ ಇಲಾಖೆಯೂ ಅದರಲ್ಲಿ ಪಾಲುದಾರರು ಎಂಬುದನ್ನು ಯೋಜನಾ ಕಡತಗಳು ಅಪರೂಪಕ್ಕೂ ನೆನೆಯುವುದಿಲ್ಲ.

ಬೆಳವಣಿಗೆಯ ವೈಕಲ್ಯ ಎಂಬ ವರ್ಗ ಕಾನೂನಿನ ಪರಿಭಾಷೆಯಾಗಿ ರೂಢಿಗೆ ಬಂದದ್ದು 1970ರ ಅಮೆರಿಕದ ಶಾಸನದಿಂದ. ಇಲಾಖೆಗಳನ್ನು ಒಂದೆಡೆ ಕೂರಿಸುವ ಯೋಜನಾ ಮಂಡಳಿಯೊಂದು ಪ್ರತಿ ರಾಜ್ಯದಲ್ಲೂ ಇರಬೇಕೆಂಬ ಕಲ್ಪನೆಯೂ ಅದರಲ್ಲೇ ಇತ್ತು. ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ, ಅದಕ್ಕೆ ಅನುಗುಣವಾಗಿ ರೂಪುಗೊಂಡ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದು, ವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿತು. ಪ್ರತಿ ಜಿಲ್ಲೆಯಲ್ಲೂ ವೈಕಲ್ಯ ಕುರಿತ ಜಿಲ್ಲಾ ಮಟ್ಟದ ಸಮಿತಿ ಇರಬೇಕೆಂದು ಅದರ 72ನೆಯ ಕಲಮು ವಿಧಿಸುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಮಂದಿ ಅಂಗವಿಕಲರಿದ್ದರು. ಆ ಗಣತಿ ಎಂಟು ಬಗೆಗಳನ್ನಷ್ಟೇ ಕೇಳಿತ್ತಾದ್ದರಿಂದ ಆಟಿಸಂ ಇರುವವರಿಗೆ ಅದರಲ್ಲಿ ಪ್ರತ್ಯೇಕ ಅಂಕಣವೇ ಇರಲಿಲ್ಲ, ಹಾಗಾಗಿ ಗ್ರಾಮ ಪಂಚಾಯಿತಿಯ ಮನೆ ಮನೆಯ ಸಮೀಕ್ಷೆಗೆ ಇರುವ ಬೆಲೆ ಬೇರೆ ಯಾವ ಅಂಕಿಗೂ ಇಲ್ಲ.

ಮಗುವಿನಲ್ಲಿ ಏನೋ ಹಿಂದುಳಿದಿದೆ ಎಂಬುದನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ತಾಯಿ ಮತ್ತು ಅಜ್ಜಿ. ಅದಕ್ಕೆ ಆಡಳಿತದ ಕಣ್ಣು ಕೂಡುವುದು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿಯ ಮೂಲಕ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ಜನ್ಮದೋಷ, ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆಯ ವಿಳಂಬವನ್ನೂ ಗುರುತಿಸಿ, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಮೊದಲ ಮೂರು ವರ್ಷಗಳಲ್ಲಿ ಮಿದುಳು ಅತಿ ವೇಗವಾಗಿ ಬೆಳೆಯುವುದರಿಂದ ಆಗ ಕೊಡುವ ವಾಕ್ ಚಿಕಿತ್ಸೆ, ಫಿಸಿಯೋಥೆರಪಿ, ಆಟದ ಮೂಲಕ ಕಲಿಕೆ ಇವು ಮುಂದೆ ಕೊಡುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಆದರೆ ಚಿಕಿತ್ಸೆ ಒಂದು ದಿನದ್ದಲ್ಲ. ವಾರಕ್ಕೆ ಎರಡು ಮೂರು ಸಲ ಬೆಳಗಾವಿಗೆ ಬರಬೇಕೆಂದರೆ ಕೂಲಿಯ ಮನೆಗೆ ಅಷ್ಟು ದಿನದ ದುಡಿಮೆ ಹೋಯಿತೆಂದೇ ಅರ್ಥ. ಹೀಗಾಗಿ ಪತ್ತೆಯಾದ ಮಗುವೂ ಪಟ್ಟಿಯ ಹೆಸರಾಗಿ ಉಳಿದುಬಿಡುವ ಅಪಾಯವಿದೆ. ಚಿಕಿತ್ಸಕರು ತಾಯಂದಿರಿಗೆ ಮನೆಯಲ್ಲೇ ಮಾಡಿಸುವ ವ್ಯಾಯಾಮಗಳನ್ನು ಕಲಿಸಿ, ಅದರ ಮುಂದುವರಿಕೆಯನ್ನು ಊರಿನ ಕಾರ್ಯಕರ್ತರು ನೋಡಿಕೊಳ್ಳುವ ಸಮುದಾಯ ಆಧಾರಿತ ಪುನರ್ವಸತಿ ಪದ್ಧತಿ ಇಂಥ ಸೀಮೆಗೆ ಹೆಚ್ಚು ಒಗ್ಗುವಂಥದು.

ಎಲ್ಲ ಸವಲತ್ತಿನ ಬಾಗಿಲು ತೆರೆಯುವುದು ಅಂಗವೈಕಲ್ಯ ಪ್ರಮಾಣಪತ್ರದಿಂದ. 2021ರ ಜೂನ್ 1ರಿಂದ ಇದನ್ನು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದ ಮೂಲಕವೇ ಕೊಡಬೇಕೆಂಬ ನಿಯಮವಿದ್ದು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದವರು ಮುಖ್ಯ ಸವಲತ್ತುಗಳಿಗೆ ಅರ್ಹರಾಗುತ್ತಾರೆ. ಕಾಲಿನ ಊನವನ್ನು ಒಬ್ಬ ಮೂಳೆತಜ್ಞ ಅಳೆಯಬಹುದು. ಬೌದ್ಧಿಕ ವೈಕಲ್ಯಕ್ಕೆ ಮಕ್ಕಳ ವೈದ್ಯರು ಅಥವಾ ಮನೋವೈದ್ಯರ ಜೊತೆಗೆ ತರಬೇತಾದ ಮನಶ್ಶಾಸ್ತ್ರಜ್ಞರೂ ಬೇಕು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಆಗುವುದಲ್ಲ, ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯೇ ಆಗಬೇಕು. 2024ರಲ್ಲಿ ಪರಿಷ್ಕೃತವಾಗುವವರೆಗೆ ಜಾರಿಯಲ್ಲಿದ್ದ ಕೇಂದ್ರ ಸರ್ಕಾರದ 2018ರ ಜನವರಿಯ ಮಾರ್ಗಸೂಚಿಯಂತೆ ಐದು ವರ್ಷದೊಳಗಿನ ಮಗುವಿಗೆ ಬೌದ್ಧಿಕ ವೈಕಲ್ಯವೆಂದು ಬರೆಯದೆ ಬೆಳವಣಿಗೆಯ ವಿಳಂಬವೆಂದು ಬರೆದು ತಾತ್ಕಾಲಿಕ ಪತ್ರ ಕೊಡಲಾಗುತ್ತಿತ್ತು. ಅದನ್ನು 5, 10 ಮತ್ತು 18ನೆಯ ವಯಸ್ಸಿನಲ್ಲಿ ನವೀಕರಿಸಬೇಕಿತ್ತು, 18ರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತಿತ್ತು. ನವೀಕರಣದ ವರ್ಷ ಮನೆಯವರ ನೆನಪಿನಿಂದ ಜಾರಿದರೆ ಮಾಸಾಶನವೇ ನಿಲ್ಲಬಹುದು. ಆ ವರ್ಷವನ್ನು ಮುಂಗಡವಾಗಿ ತಿಳಿಸುವ ಹೊಣೆ ಯಾವ ಇಲಾಖೆಯದೆಂದು ಸ್ಪಷ್ಟವಾಗಿ ಗೊತ್ತುಪಡಿಸುವುದು ಸಮನ್ವಯದ ಅತ್ಯಂತ ಅಗ್ಗದ ಹಾಗೂ ಅತ್ಯಂತ ಅಗತ್ಯದ ಸುಧಾರಣೆ.

ಪ್ರಮಾಣಪತ್ರಕ್ಕಾಗಿ ನಡೆಯುವ ಬುದ್ಧಿಯ ಪರೀಕ್ಷೆಯಲ್ಲಿ ಭಾಷೆಯ ಪ್ರಶ್ನೆ ಬೆಳಗಾವಿ ಸೀಮೆಯಲ್ಲಿ ವಿಶೇಷ ಮಹತ್ವದ್ದು. ಜಾಂಬೋಟಿಯ ಸುತ್ತ ಮರಾಠಿ ಮನೆಮಾತಿನವರು ಬಹಳ. ಕನ್ನಡ, ಕೊಂಕಣಿ ಮಾತಾಡುವವರೂ, ಕಾಡಿನೊಳಗೆ ಹೈನುಗಾರಿಕೆ ನಡೆಸುವ ಗೌಳಿ ಸಮುದಾಯದವರೂ ಇದ್ದಾರೆ. ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಬರಲಿಲ್ಲವೆಂದು ಬುದ್ಧಿಯನ್ನು ಅಳೆದರೆ ಆ ಅಳತೆ ಸುಳ್ಳಾಗುತ್ತದೆ. ಈ ಸಂಗತಿಯನ್ನು ಬಹಳ ಹಿಂದೆಯೇ ಮನಗಂಡವರು ವಿ. ವಿ. ಕಾಮತ್. ಫ್ರಾನ್ಸಿನ ಆಲ್ಫ್ರೆಡ್ ಬಿನೆ ರೂಪಿಸಿದ ಬುದ್ಧಿಮಾಪನ ಪರೀಕ್ಷೆಯನ್ನು ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಅಳವಡಿಸಿ, ಅದರ ವಿವರವನ್ನು 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಇದು ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಎರಡು ಭಾಷೆಗಳು ಬೆರೆತು ಬಾಳುವ ನಾಡಿಗೆ ಇಂಥ ದ್ವಿಭಾಷಾ ಸಾಧನವೊಂದು ಒಂಬತ್ತು ದಶಕಗಳಷ್ಟು ಹಿಂದೆಯೇ ಸಿದ್ಧವಾಗಿತ್ತೆಂಬುದು ನೆನೆಯಬೇಕಾದ ಸಂಗತಿ. ಅದರ ಪ್ರಶ್ನೆಗಳು ಈಗ ಹಳೆಯವಾಗಿವೆ, ಅದನ್ನು ಇಂದಿನ ಮಕ್ಕಳಿಗೆ ಹೊಂದುವಂತೆ ಹೊಸದಾಗಿ ಪ್ರಮಾಣೀಕರಿಸಬೇಕಾಗಿದೆ ಎಂಬುದೂ ಅಷ್ಟೇ ನಿಜ. ವೈಕಲ್ಯದ ಶೇಕಡಾವಾರನ್ನು ಗೊತ್ತುಮಾಡಲು 2018ರ ಮಾರ್ಗಸೂಚಿ ಬುದ್ಧಿಯ ಅಂಕಿಗಿಂತ ಹೆಚ್ಚಾಗಿ ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪಕವನ್ನು ನೆಚ್ಚಿತ್ತು. ಉಣ್ಣುವುದು, ಉಡುವುದು, ಒಬ್ಬರೇ ಓಡಾಡುವುದು, ಹಣ ಎಣಿಸುವುದು ಇವನ್ನು ಮಗು ಎಷ್ಟರ ಮಟ್ಟಿಗೆ ಮಾಡಬಲ್ಲದೆಂದು ಮನೆಯವರನ್ನು ಕೇಳಿ ಅಳೆಯುವ ಈ ಕ್ರಮದಲ್ಲಿ ತಾಯಿಯ ಮಾತು ವೈದ್ಯರಿಗೆ ನೇರವಾಗಿ ಅರ್ಥವಾಗುವುದು ಅನಿವಾರ್ಯ, ಆದ್ದರಿಂದ ಬೆಳಗಾವಿಯ ಪ್ರಮಾಣೀಕರಣ ಮಂಡಳಿಯ ಎದುರು ಮರಾಠಿ ಬಲ್ಲ ಸಹಾಯಕರಿರುವುದು ಉಪಚಾರದ ಮಾತಲ್ಲ, ಅಳತೆಯ ನಿಖರತೆಯ ಮಾತು.

ಶಿಕ್ಷಣದಲ್ಲಿ ಆರರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯ್ದೆಯ ಹಕ್ಕು. ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿತು. ಖಾನಾಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಾಲೆಗಳಿಗೂ ಮನೆಗಳಿಗೂ ಹೋಗಿ ಈ ಮಕ್ಕಳ ಕಲಿಕೆಯನ್ನು ನೋಡಿಕೊಳ್ಳಬೇಕು. ವಿಸ್ತಾರವಾದ, ಕಾಡಿನ ತಾಲ್ಲೂಕಿನಲ್ಲಿ ಬೆರಳೆಣಿಕೆಯ ಶಿಕ್ಷಕರಿಗೆ ಇದು ಮೀರಿದ ಹೊರೆ. ವಿಶೇಷ ಶಾಲೆಗಳಿಗೆ ರಾಜ್ಯ ಸರ್ಕಾರ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಿಶುಕೇಂದ್ರಿತ ಅನುದಾನ ಕೊಡುತ್ತದೆ. ಅಂಥ ಶಾಲೆಗಳು ಹೆಚ್ಚಾಗಿ ನಗರಗಳಲ್ಲೇ ಇರುವುದರಿಂದ ಹಳ್ಳಿಯ ಮಗು ಮನೆ ಬಿಟ್ಟು ವಸತಿಯಲ್ಲಿ ಇರಬೇಕಾಗುತ್ತದೆ, ಇಲ್ಲವೇ ಶಾಲೆಯನ್ನೇ ಬಿಡಬೇಕಾಗುತ್ತದೆ.

ಮಾಸಾಶನ ಕಂದಾಯ ಇಲಾಖೆಯದು. ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ತಹಶೀಲ್ದಾರರ ಮಟ್ಟದಲ್ಲಿ. ಅದರ ಮೊತ್ತ ವೈಕಲ್ಯದ ಶೇಕಡಾವಾರಿನ ಮೇಲೆ ನಿಲ್ಲುತ್ತದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಊರಿನಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಕೊಡುವ ರಿಯಾಯಿತಿ ಪಾಸಿನಲ್ಲಿ ಜಾಂಬೋಟಿಯಿಂದ ಬೆಳಗಾವಿ, ಖಾನಾಪುರ ಎರಡೂ ಸೇರುತ್ತವೆ. ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತವಾಗಿಸಿ 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಜೊತೆಗೆ ಬರುವ ತಾಯಿಯ ಬಸ್ ಖರ್ಚೂ ಉಳಿದಿದೆ. ವೈಕಲ್ಯದ ಹೆಸರಿಲ್ಲದ ಯೋಜನೆಯೊಂದು ಈ ಮನೆಗಳಿಗೆ ಇಷ್ಟು ನೇರವಾಗಿ ಒದಗಿಬಂದದ್ದು ಗಮನಾರ್ಹ.

ಇಷ್ಟೆಲ್ಲ ಇಲಾಖೆಗಳನ್ನು ಜೋಡಿಸುತ್ತ ಮನೆಯಿಂದ ಮನೆಗೆ ನಡೆಯುವವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರನ್ನು ಜನ ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ, ಸ್ವತಃ ಅಂಗವಿಕಲರಾದವರನ್ನೇ ಗೌರವಧನದ ಮೇಲೆ ಈ ಕೆಲಸಕ್ಕೆ ಆಯ್ದುಕೊಳ್ಳಲಾಗುತ್ತದೆ. ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿ ಇರುತ್ತಾರೆ. ಸಮೀಕ್ಷೆ, ಅರ್ಜಿ, ಶಿಬಿರಕ್ಕೆ ಕರೆದೊಯ್ಯುವುದು, ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆ ಮೀಸಲಾದ ಶೇಕಡಾ ಐದರ ಹಣಕ್ಕೆ ಹೆಸರುಗಳನ್ನು ಸೂಚಿಸುವುದು ಎಲ್ಲವೂ ಇವರ ಪಾಲಿನದು. ತಾವೇ ಊರುಗೋಲು ಹಿಡಿದು ಅಥವಾ ಮೂರು ಚಕ್ರದ ವಾಹನದಲ್ಲಿ ಕಾಡಿನ ದಾರಿಯ ಹಳ್ಳಿಗಳನ್ನು ಮುಟ್ಟಬೇಕಾದವರು ಇವರು. ಅವರ ಅನುಭವ ಮನೆಯವರಲ್ಲಿ ಹುಟ್ಟಿಸುವ ನಂಬಿಕೆ ಯಾವ ಅಧಿಕಾರಿಗೂ ಸುಲಭಕ್ಕೆ ದಕ್ಕುವುದಲ್ಲ. ಆದರೆ ದೈಹಿಕ ವೈಕಲ್ಯವನ್ನು ಬಲ್ಲವರಿಗೆ ಆಟಿಸಂನ ಲಕ್ಷಣ ತಾನಾಗಿ ತಿಳಿಯುವುದಿಲ್ಲ. ಬೆಳವಣಿಗೆಯ ವೈಕಲ್ಯಗಳ ಬಗ್ಗೆ ಅವರಿಗೆ ಪ್ರತ್ಯೇಕ ತರಬೇತಿ ಬೇಕು. ಸಮನ್ವಯವೆಂಬ ದೊಡ್ಡ ಹೊಣೆಯನ್ನು ವ್ಯವಸ್ಥೆಯ ಅತ್ಯಂತ ಕಡಿಮೆ ಸಂಭಾವನೆಯ ವ್ಯಕ್ತಿಯ ಹೆಗಲಿಗೇರಿಸಿ, ಅವರನ್ನು ಖಾಯಂ ಮಾಡದೆ ಬಿಟ್ಟಿರುವುದು ಈ ನೀತಿಯ ಮುಖ್ಯ ದೌರ್ಬಲ್ಯ.

ಹದಿನೆಂಟು ತುಂಬಿದ ದಿನ ಶಾಲೆ ಮತ್ತು ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎರಡೂ ಏಕಕಾಲಕ್ಕೆ ಕೈಬಿಡುತ್ತವೆ. ತಂದೆ ತಾಯಿಯ ಸಹಜ ಪಾಲಕತ್ವವೂ ಅಂದಿಗೆ ಮುಗಿಯುತ್ತದೆ. ಆಮೇಲೆ ಬ್ಯಾಂಕಿನ ಖಾತೆ, ಆಸ್ತಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಇವಕ್ಕೆ ಯಾರು ಸಹಿ ಹಾಕಬೇಕೆಂಬ ಪ್ರಶ್ನೆ ಏಳುತ್ತದೆ. ಇದಕ್ಕಾಗಿ ರಾಷ್ಟ್ರೀಯ ನ್ಯಾಸ ಕಾಯ್ದೆಯ 13ನೆಯ ಕಲಮು ಸ್ಥಳೀಯ ಮಟ್ಟದ ಸಮಿತಿಯನ್ನು ರಚಿಸಿದೆ: ಜಿಲ್ಲಾಧಿಕಾರಿಯ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇದರ ಸದಸ್ಯರು. ಅರ್ಜಿಯನ್ನು ವಿಚಾರಿಸಿ ಕಾನೂನುಬದ್ಧ ಪಾಲಕರನ್ನು ನೇಮಿಸುವ, ಪಾಲಕರು ತಪ್ಪಿ ನಡೆದರೆ ತೆಗೆದುಹಾಕುವ ಅಧಿಕಾರ ಇದಕ್ಕಿದೆ. 2016ರ ಕಾಯ್ದೆ ಇದರ ಜೊತೆಗೆ ಸೀಮಿತ ಪಾಲಕತ್ವವೆಂಬ ಇನ್ನೊಂದು ದಾರಿಯನ್ನು ತೋರಿಸಿತು. ಅದರಲ್ಲಿ ಪಾಲಕರು ವ್ಯಕ್ತಿಯ ಬದಲಿಗೆ ನಿರ್ಧರಿಸದೆ, ಅವರೊಡನೆ ಕೂಡಿ, ಗೊತ್ತಾದ ವಿಷಯಕ್ಕೆ, ಗೊತ್ತಾದ ಅವಧಿಗೆ ನಿರ್ಧರಿಸಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಲಭ್ಯ. ಸಮಿತಿಯ ಹೆಸರಿನಲ್ಲಿ ಸ್ಥಳೀಯ ಎಂಬ ಮಾತಿದ್ದರೂ ಅದು ಕೂಡುವುದು ಜಿಲ್ಲಾ ಕೇಂದ್ರದಲ್ಲಿ. ವರ್ಷಕ್ಕೊಂದು ಸಲವಾದರೂ ಖಾನಾಪುರದಲ್ಲಿ ಅರ್ಜಿಗಳನ್ನು ವಿಚಾರಿಸಿದರೆ, ಅದೇ ದಿನ ಪ್ರಮಾಣಪತ್ರದ ನವೀಕರಣ ಶಿಬಿರವನ್ನೂ ಇಟ್ಟರೆ, ಕಾಡಿನ ಹಳ್ಳಿಗಳವರ ಅಲೆದಾಟ ಬಹುಪಾಲು ತಪ್ಪುತ್ತದೆ.

ಭೀಮಗಡದೊಳಗಿನ ಜನವಸತಿಗಳನ್ನು ಕಾಡಿನ ಹೊರಗೆ ಸ್ಥಳಾಂತರಿಸುವ ಕೆಲಸ ಈಚೆಗೆ ತಳೇವಾಡಿಯಿಂದ ಆರಂಭವಾಗಿರುವುದು ಈ ವಿಷಯಕ್ಕೆ ಹೊಸ ತುರ್ತನ್ನು ತಂದಿದೆ. ಹುಲಿ ಸಂರಕ್ಷಿತ ಪ್ರದೇಶಗಳ ಪುನರ್ವಸತಿ ಮಾರ್ಗಸೂಚಿಯಲ್ಲಿ ದೈಹಿಕ ಅಥವಾ ಮಾನಸಿಕ ವೈಕಲ್ಯವುಳ್ಳ ವ್ಯಕ್ತಿಯನ್ನು ವಯಸ್ಸು, ಲಿಂಗ ನೋಡದೆ ಪ್ರತ್ಯೇಕ ಕುಟುಂಬವೆಂದೇ ಎಣಿಸಿ ಪರಿಹಾರ ಕೊಡುವ ನಿಯಮವಿದೆ. ಭೀಮಗಡ ಹುಲಿ ಸಂರಕ್ಷಿತ ಪ್ರದೇಶವಲ್ಲದಿದ್ದರೂ ಅಲ್ಲಿಯ ಸ್ಥಳಾಂತರದಲ್ಲೂ ಈ ಎಣಿಕೆಯನ್ನೇ ಅನುಸರಿಸುವುದು ನ್ಯಾಯ. ಆದರೆ ಆ ಹಕ್ಕು ಕೈಗೆ ಬರಬೇಕಾದರೆ ಕುಟುಂಬಗಳ ಪಟ್ಟಿ ಅಂತಿಮವಾಗುವ ಮೊದಲೇ ಪ್ರಮಾಣಪತ್ರವಿರಬೇಕು, ವಯಸ್ಕರಾಗಿದ್ದರೆ ಪಾಲಕರ ನೇಮಕವೂ ಅವರದೇ ಹೆಸರಿನ ಬ್ಯಾಂಕ್ ಖಾತೆಯೂ ಆಗಿರಬೇಕು, ಹೊಸ ಊರಿನ ಪಂಚಾಯಿತಿ, ಅಂಗನವಾಡಿ ಮತ್ತು ಶಾಲೆಯ ದಾಖಲೆಗಳಿಗೆ ಅವರ ಹೆಸರು ಸ್ಥಳಾಂತರದ ಜೊತೆಜೊತೆಗೇ ವರ್ಗವಾಗಬೇಕು. ಅರಣ್ಯ, ಕಂದಾಯ, ಆರೋಗ್ಯ ಮತ್ತು ವಿಕಲಚೇತನರ ಸಬಲೀಕರಣ ಇಲಾಖೆಗಳು ಒಂದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರದ ಹೊರತು ಇದು ಸಾಧ್ಯವಾಗುವುದಿಲ್ಲ.