ಎದೆಯೊಳಗಿನ ಯಂತ್ರ ಮತ್ತು ಅಂತ್ಯಕಾಲದ ನಿರ್ಣಯ

1966ರಲ್ಲಿ ಇಸ್ರೇಲಿನಲ್ಲಿ ಹ್ಯಾರಿ ಹೆಲ್ಲರ್ ಎಂಬ ಹಿರಿಯ ವೈದ್ಯರು ಹೃದಯದ ಲಯ ಕೆಟ್ಟು ಮೃತರಾದರು. ಅವರ ಶಿಷ್ಯ ಮಿಷೆಲ್ ಮಿರೋವ್ಸ್ಕಿ ಆ ಸಾವನ್ನು ಮರೆಯಲಿಲ್ಲ. ಲಯ ತಪ್ಪಿದ ಕ್ಷಣದಲ್ಲಿಯೇ ವಿದ್ಯುದಾಘಾತವನ್ನಿತ್ತು ಹೃದಯವನ್ನು ಸರಿದಾರಿಗೆ ತರುವ ಯಂತ್ರವನ್ನು ರೋಗಿಯ ದೇಹದೊಳಗೇ ಇರಿಸಬಾರದೇಕೆ ಎಂಬುದು ಅವರ ಯೋಚನೆ. 1968ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ತೆರಳಿ ಅವರು ಈ ಕಾರ್ಯದಲ್ಲಿ ತೊಡಗಿದರು. ಬರ್ನಾರ್ಡ್ ಲೌನ್ ಅವರಂತಹ ಪ್ರಖ್ಯಾತ ಹೃದ್ರೋಗತಜ್ಞರೇ 1972ರಲ್ಲಿ ಇದನ್ನು ಟೀಕಿಸಿ ಬರೆದರು. ಆದರೂ 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಯಂತ್ರವನ್ನು ಮನುಷ್ಯದೇಹದಲ್ಲಿ ಅಳವಡಿಸಲಾಯಿತು. ಇದೇ ಇಂದು ಐಸಿಡಿ ಎಂದು ಕರೆಯಲ್ಪಡುವ ಸಾಧನ.

ಇದನ್ನು ಪೇಸ್‌ಮೇಕರ್ ಎಂದು ಭಾವಿಸಬಾರದು. 1958ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲು ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್ ತಮ್ಮ ಬಾಳಿನಲ್ಲಿ 26 ಯಂತ್ರಗಳನ್ನು ಬದಲಿಸಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಪೇಸ್‌ಮೇಕರಿನ ಮಂದ ವಿದ್ಯುತ್ತು ಸಾಮಾನ್ಯವಾಗಿ ರೋಗಿಗೆ ತಿಳಿಯುವುದೇ ಇಲ್ಲ. ಐಸಿಡಿಯ ಆಘಾತವಾದರೋ ಕುದುರೆ ಎದೆಗೆ ಒದ್ದಂತೆ ಎಂದು ಅನುಭವಿಸಿದವರು ಹೇಳುತ್ತಾರೆ. ಬದುಕುವ ಅವಕಾಶವಿರುವಾಗ ಆ ಒದೆತ ವರವೇ ಸರಿ. ಆದರೆ ದೇಹವೆಲ್ಲ ಸೋತು ಸಾವು ಸಮೀಪಿಸಿದಾಗಲೂ ಹೃದಯದ ಲಯ ಕೆಡುತ್ತದೆ. ಯಂತ್ರಕ್ಕೆ ಅದರ ವ್ಯತ್ಯಾಸ ತಿಳಿಯದು.

ನನ್ನ ಭಾವನವರ ಕೊನೆಯ ರಾತ್ರಿ ಹೀಗೆಯೇ ಆಯಿತು. ಅವರ ಎದೆ ನಾಲ್ಕು ಸಲ ಹಾರಿಬಿದ್ದುದನ್ನು ಅಕ್ಕ ಕೈಹಿಡಿದು ಕುಳಿತೇ ನೋಡಿದಳು. ಆಘಾತ ನೀಡುವ ಕ್ರಿಯೆಯನ್ನು ಮಾತ್ರ ನಿಲ್ಲಿಸಬಹುದೆಂದು, ಅದಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದು, ಹೊರಗಿನಿಂದಲೇ ಒಂದು ಉಪಕರಣದ ಮೂಲಕ ಕೆಲವು ನಿಮಿಷಗಳಲ್ಲಿ ನೋವಿಲ್ಲದೆ ಮಾಡಬಹುದೆಂದು ನಮಗಾರೂ ಹೇಳಿರಲಿಲ್ಲ. ಯಂತ್ರ ಕೂರಿಸಿದ ದಿನ ಅದರ ಬೆಲೆಯ ವಿವರವನ್ನಂತೂ ಚೆನ್ನಾಗಿ ಹೇಳಿದ್ದರು! ಹಾಗೆ ನಿಲ್ಲಿಸುವುದು ದಯಾಮರಣವಲ್ಲ, ರೋಗಿಗೆ ಅದನ್ನು ಕೇಳುವ ಹಕ್ಕಿದೆ ಎಂದು ಅಮೆರಿಕದ ಹೃದ್ರೋಗತಜ್ಞರ ಸಂಘವೊಂದು ಇತರ ಸಂಸ್ಥೆಗಳೊಡನೆ 2010ರಲ್ಲಿಯೇ ಸ್ಪಷ್ಟಪಡಿಸಿದೆ ಎಂಬುದನ್ನು ನಾನು ಅನಂತರ ಓದಿ ತಿಳಿದೆ.

ಹೃದಯದ ದೌರ್ಬಲ್ಯವೆಂಬ ರೋಗದ ನಡೆಯೂ ವಂಚಕವಾದುದು. ಉಸಿರುಗಟ್ಟಿ ಆಸ್ಪತ್ರೆಗೆ ಸೇರಿದವರು ವಾರದಲ್ಲಿ ಚೇತರಿಸಿ ಅಂಗಡಿಯ ಗಲ್ಲೆಯಲ್ಲಿ ಕುಳಿತಿರುತ್ತಾರೆ. ಆದ್ದರಿಂದ ಕೊನೆಯ ಮಾತನ್ನು ಆಡಲು ಯಾರಿಗೂ ಸಮಯ ಬಂದಂತೆ ತೋರುವುದಿಲ್ಲ. ಆಡಬೇಕಾದುದು ಆ ಚೇತರಿಕೆಯ ದಿನಗಳಲ್ಲಿಯೇ.

ನಮ್ಮ ದೇಶದಲ್ಲಿ ಈಗ ಅದಕ್ಕೆ ಕಾನೂನಿನ ಆಧಾರವಿದೆ. ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. ಈಗ ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಇದು ಸಲ್ಲೇಖನವೇ ಎಂದು ಕೆಲವು ಶ್ರಾವಕರು ಕೇಳುವುದುಂಟು. ಅಲ್ಲ. ಸಲ್ಲೇಖನವು ವ್ರತ, ಇದು ಚಿಕಿತ್ಸೆಯ ಮಿತಿಯನ್ನು ಕುರಿತ ನಿರ್ಣಯ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ಆದರೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರೋಗಕ್ಕೆ ಹಚ್ಚಿದ ವಿಶೇಷಣವನ್ನು ಗಮನಿಸಬೇಕು: ನಿಷ್ಪ್ರತೀಕಾರ, ಅಂದರೆ ಪರಿಹಾರವಿಲ್ಲದ್ದು. ಪರಿಹಾರವಿದೆಯೋ ಇಲ್ಲವೋ ಎಂದು ಮೊದಲು ವಿಚಾರಿಸಬೇಕೆಂದೇ ಅದರ ಅರ್ಥವಲ್ಲವೆ? ಸ್ವಜನ ಪರಿಜನರನ್ನು ಕರೆದು ಪ್ರಿಯವಾದ ಮಾತುಗಳಿಂದ ಕ್ಷಮೆ ಕೇಳಬೇಕೆಂದೂ ಅವರು ವಿಧಿಸಿದ್ದಾರೆ. ಇನ್ನು ತತ್ತ್ವಾರ್ಥಸೂತ್ರವು ಬದುಕಿನ ಆಸೆಯನ್ನೂ ಸಾವಿನ ಆಸೆಯನ್ನೂ ಸಮಾನವಾಗಿ ಅತಿಚಾರಗಳೆಂದು ಎಣಿಸುತ್ತದೆ. ಹಾಸಿಗೆಯ ಸುತ್ತ ನಿಂತ ಮಕ್ಕಳಿಗೂ ಮೊದಲನೆಯದು ಅನ್ವಯಿಸುತ್ತದೆಂದು ನನ್ನ ಭಾವನೆ.

ಕಳೆದ ವರ್ಷ ನಾನೂ ನನ್ನ ಇಚ್ಛಾಪತ್ರ ಬರೆಸಿದೆ. ಮಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿ ಮುಚ್ಚುವಾಗ, ನಿರ್ಣಯ ಹೇಳುವವರ ಜಾಗದಲ್ಲಿ ತನ್ನ ಹೆಸರನ್ನೇ ಬರೆಸಿ ಅಂದನು.