ಸಾರನಾಥದ ಮೇಷ್ಟ್ರು, ಒಡೆಯರಪಾಳ್ಯದ ಮತ

ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯದ ಕಡೆ ಹೋದರೆ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು ಕಾಣುತ್ತವೆ. ಸುತ್ತಿನವರು ಟಿಬೆಟ್ ಕ್ಯಾಂಪು ಎನ್ನುವ ಈ ಧೋಂಡೆನ್‌ಲಿಂಗ್ ನೆಲೆ ಆರಂಭವಾದದ್ದು 1974ರಲ್ಲಿ. ಈ ಊರುಗಳಿದ್ದ ಕೊಳ್ಳೇಗಾಲ ತಾಲ್ಲೂಕು ಆಗಿನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು. ಇಲ್ಲಿನ ಟಿಬೆಟನ್ನರು ಬೆಳೆಯುವ ಜೋಳ, ಚಳಿಗಾಲದಲ್ಲಿ ಊರೂರಿಗೆ ಒಯ್ದು ಮಾರುವ ಸ್ವೆಟರು ನಮಗೆಲ್ಲ ಗೊತ್ತು. ಇವರಿಗೊಂದು ಸಂಸತ್ತಿದೆ, ಅದಕ್ಕೆ ಇಲ್ಲಿಂದಲೂ ಮತ ಬೀಳುತ್ತದೆ ಎಂಬುದನ್ನು ನೆರೆಯವರಾದ ನಾವು ಅಷ್ಟಾಗಿ ಗಮನಿಸಿಲ್ಲ. ಆ ಸಂಸತ್ತಿನ ಮಾತು ಬಂದರೆ ಒಬ್ಬ ಮೇಷ್ಟ್ರನ್ನು ನೆನೆಯಲೇಬೇಕು: ಪ್ರೊ. ಸಮ್‌ದೋಂಗ್ ರಿಂಪೋಚೆ.

1939ರಲ್ಲಿ ಪೂರ್ವ ಟಿಬೆಟಿನ ಖಾಮ್ ಸೀಮೆಯಲ್ಲಿ ಹುಟ್ಟಿದ ಅವರು 1959ರಲ್ಲಿ ದೇಶ ಬಿಟ್ಟು ಭಾರತಕ್ಕೆ ಬಂದರು. ಮೊದಲು ನಿರಾಶ್ರಿತರ ಶಾಲೆಗಳಲ್ಲಿ ದುಡಿದು, 1971ರಿಂದ 2001ರವರೆಗೆ ಸಾರನಾಥದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯನ್ನು ಪ್ರಾಂಶುಪಾಲರಾಗಿ, ನಿರ್ದೇಶಕರಾಗಿ ಕಟ್ಟಿ ಬೆಳೆಸಿದರು. ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಷ್ಟೇ ಉಳಿದಿದ್ದ ಬೌದ್ಧ ಗ್ರಂಥಗಳನ್ನು ಅಲ್ಲಿ ಮತ್ತೆ ಸಂಸ್ಕೃತಕ್ಕೆ ತರುತ್ತಿದ್ದರು. ಒಂದು ಜನ್ಮಕ್ಕೆ ಇದೊಂದೇ ಸಾಕಿತ್ತು.

1991ರಲ್ಲಿ ರಿಂಪೋಚೆಯವರನ್ನು ದಲೈ ಲಾಮಾ ಧರ್ಮಶಾಲೆಯ ಆ ಸಂಸತ್ತಿಗೆ, ಅಂದರೆ ಪ್ರತಿನಿಧಿ ಸಭೆಗೆ, ನಾಮನಿರ್ದೇಶನ ಮಾಡಿದರು. ಸಭೆ ಒಮ್ಮತದಿಂದ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ವಲಸಿಗ ಟಿಬೆಟನ್ನರ ಸಂವಿಧಾನ ಅಂಗೀಕಾರವಾದದ್ದೂ ಅದೇ ವರ್ಷ. 1996ರಲ್ಲಿ ಖಾಮ್‌ನವರ ಮತದಿಂದಲೇ ಗೆದ್ದು ಬಂದು ಇನ್ನೊಂದು ಅವಧಿಗೆ ಅಧ್ಯಕ್ಷರಾದರು.

ಈ ಚುನಾವಣೆಯ ಕ್ರಮ ನಮ್ಮದರಂತಲ್ಲ. ಒಡೆಯರಪಾಳ್ಯಕ್ಕೊಬ್ಬ ಸದಸ್ಯ ಎಂಬ ಲೆಕ್ಕವಿಲ್ಲ; ಇಲ್ಲಿರುವ ಖಾಮ್ ಮೂಲದವರು ಖಾಮ್ ಪ್ರತಿನಿಧಿಗಳಿಗೇ ಮತ ಹಾಕುತ್ತಾರೆ. ಭಿಕ್ಷುಗಳಿಗೆ ಪ್ರಾಂತ್ಯಕ್ಕೊಂದು, ಪಂಥಕ್ಕೊಂದು, ಹೀಗೆ ಎರಡು ಮತ. ವಯಸ್ಸು ಹದಿನೆಂಟು ತುಂಬಿರಬೇಕು, ಕೈಯಲ್ಲಿ ಟಿಬೆಟನ್ ಆಡಳಿತ ಕೊಡುವ ಹಸಿರು ಪುಸ್ತಕ ಇರಬೇಕು, ಅದರಲ್ಲಿ ವರ್ಷದ ವಂತಿಗೆ ಕಟ್ಟಿದ ಗುರುತಿರಬೇಕು. ಸ್ವಂತ ನೆಲವಿಲ್ಲದ ಜನ ತಮ್ಮ ಆಡಳಿತಕ್ಕೆ ತಾವೇ ಹಣ ಕೊಟ್ಟು ಸಾಲಿನಲ್ಲಿ ನಿಲ್ಲುವುದು ನನಗಂತೂ ಬಹಳ ದೊಡ್ಡದಾಗಿ ಕಾಣುತ್ತದೆ.

2001ರಲ್ಲಿ ಆಡಳಿತದ ಮುಖ್ಯಸ್ಥ, ಅಂದರೆ ಕಾಲೋನ್ ತ್ರಿಪಾ, ಸ್ಥಾನಕ್ಕೆ ಮೊದಲ ಬಾರಿ ನೇರ ಚುನಾವಣೆ ನಡೆದಾಗ ರಿಂಪೋಚೆಯವರಿಗೆ ಶೇ. 80ಕ್ಕೂ ಹೆಚ್ಚು ಮತ ಬಿತ್ತು. ಗಾಂಧೀಜಿಯನ್ನು ಮನಸಾರೆ ನಂಬಿದವರು ಅವರು. ಟಿಬೆಟನ್ ನೆಲೆಗಳ ರೈತರು ರಾಸಾಯನಿಕ ಗೊಬ್ಬರ ಬಿಟ್ಟು ಸಾವಯವ ಕೃಷಿಗೆ ಬರಬೇಕೆಂದು ಅಧಿಕಾರದಲ್ಲಿದ್ದಾಗ ಒತ್ತಿ ಹೇಳಿದರು. 2006ರಲ್ಲಿ ಮತ್ತೆ ಆರಿಸಿ ಬಂದರು. 2011ರಲ್ಲಿ ಎರಡು ಅವಧಿ ಮುಗಿಯಿತು. ಜನ ಹೊಸಬರಿಗೆ ಮತ ಹಾಕಿದರು, ರಿಂಪೋಚೆ ಅಧಿಕಾರ ಒಪ್ಪಿಸಿದರು.