ಕೆಮ್ಮಿನ ಜಾಡು ಹಿಡಿದು: ಆರೋಗ್ಯ ಸೇವೆಗಳ ಹೊಂದಾಣಿಕೆಯನ್ನು ಅಳೆದ ಬಗೆ

ಒಂದು ಜಿಲ್ಲೆಯಲ್ಲಿ ಎಷ್ಟು ಆಸ್ಪತ್ರೆಗಳಿವೆ, ಎಷ್ಟು ಹಾಸಿಗೆಗಳಿವೆ ಎಂದು ಎಣಿಸುವುದು ಸುಲಭ. ಅವೆಲ್ಲ ಒಂದರೊಡನೊಂದು ಕೂಡಿ ಕೆಲಸ ಮಾಡುತ್ತಿವೆಯೇ ಎಂದು ಅಳೆಯುವುದು ಹೇಗೆ? ಈ ಪ್ರಶ್ನೆಗೆ ದಾರಿ ತೋರಿದ ಒಂದು ಅಧ್ಯಯನ ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ನಡೆಯಿತು.

ಹಿಂದೆ ಕ್ಷಯರೋಗದ ಚಿಕಿತ್ಸೆ ಎಂದರೆ ಸ್ಯಾನಿಟೋರಿಯಂ. ಅಲ್ಲಿ ಪರೀಕ್ಷೆ, ಔಷಧ, ಆರೈಕೆ ಎಲ್ಲವೂ ಒಂದೇ ಸೂರಿನಡಿ. ಮನೆಯಲ್ಲಿದ್ದು ಔಷಧ ಪಡೆದವರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು 1959ರಲ್ಲಿ ಮದರಾಸಿನ ಸಂಶೋಧನೆ ತೋರಿಸಿಕೊಟ್ಟಿತು. ಇದರಿಂದ ಬಡವರಿಗೂ ಚಿಕಿತ್ಸೆ ನಿಲುಕುವಂತಾಯಿತು. ಆದರೆ ರೋಗಿ ಈಗ ಹಲವು ಕೈಗಳನ್ನು ದಾಟಬೇಕಾಯಿತು.

ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆಸ್ಪತ್ರೆಯ ದಾಖಲೆಗಳಿಂದ ಹೊರಡಲಿಲ್ಲ. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳನ್ನು ಅವರ ಊರುಗಳಲ್ಲಿಯೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರ ಕಣ್ಣು ತೆರೆಸಿತು. ಹಳ್ಳಿಗರಿಗೆ ತಿಳಿವಳಿಕೆಯಿಲ್ಲ ಎಂಬ ಮಾತು ಸುಳ್ಳಾಯಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕರಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಚಿಕಿತ್ಸೆಯನ್ನೂ ಅರಸಿ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ಕೆಮ್ಮಿನ ಔಷಧದ ಸೀಸೆ ಹಿಡಿದು ಮನೆಗೆ ಮರಳಿದ್ದರು. ರೋಗಿ ಬಾಗಿಲಿಗೆ ಬಂದಿದ್ದ. ಕೊಂಡಿ ಕಳಚಿದ್ದು ಬಾಗಿಲಿನ ಒಳಗೆ.

1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಈ ಪಾಠವನ್ನು ಅಳವಡಿಸಿಕೊಂಡಿತ್ತು. ಕ್ಷಯಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಕಟ್ಟದೆ, ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಕಫ ಪರೀಕ್ಷೆ ಮತ್ತು ಔಷಧ ದೊರೆಯಬೇಕು. ಜಿಲ್ಲಾ ಕ್ಷಯರೋಗ ಕೇಂದ್ರ ಅವುಗಳಿಗೆ ಮಾರ್ಗದರ್ಶನ ನೀಡಬೇಕು ಎಂಬುದು ಅದರ ತಿರುಳು.

ಇಂಥ ಹೊಂದಾಣಿಕೆಯನ್ನು ಅಳೆಯಲು ರೋಗಿಯ ದಾರಿಯನ್ನೇ ಹಂತಹಂತವಾಗಿ ಎಣಿಸಬೇಕು. ಒಂದು ಲೆಕ್ಕ ನೋಡಿ. ಕಾಯಿಲೆಯಾದ 100 ಮಂದಿಯಲ್ಲಿ 80 ಮಂದಿ ಕೇಂದ್ರಕ್ಕೆ ಬಂದರು, ಅವರಲ್ಲಿ 64 ಮಂದಿಗೆ ರೋಗ ಪತ್ತೆಯಾಯಿತು, 51 ಮಂದಿ ಔಷಧ ಆರಂಭಿಸಿದರು, 41 ಮಂದಿ ಪೂರ್ಣಗೊಳಿಸಿದರು ಎನ್ನೋಣ. ಪ್ರತಿ ಹಂತದಲ್ಲೂ ಸುಮಾರು ಶೇಕಡಾ 80ರಷ್ಟು ಯಶಸ್ಸು! ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ನಡುದಾರಿಯಲ್ಲಿ ಕಳೆದುಹೋದರು. ಒಂದೊಂದು ವಿಭಾಗದ ವರದಿಯೂ ಚೆನ್ನಾಗಿರಬಹುದು, ಒಟ್ಟು ಸೇವೆ ಸೋತಿರಬಹುದು.

1992ರ ಪರಿಶೀಲನೆಯಲ್ಲಿ ಕಂಡದ್ದೂ ಇಂಥದೇ ಕೊರತೆ: ಔಷಧ ಆರಂಭಿಸಿದವರಲ್ಲಿ ಬಹಳ ಮಂದಿ ಅದನ್ನು ಪೂರ್ಣಗೊಳಿಸುತ್ತಿರಲಿಲ್ಲ. 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ವಿಸ್ತಾರವಾಗಿ ಜಾರಿಗೆ ಬಂದ ಪರಿಷ್ಕೃತ ಕಾರ್ಯಕ್ರಮವು ಮೂರು ತಿಂಗಳಲ್ಲಿ ನೋಂದಾಯಿತರಾದವರನ್ನು ಒಂದು ಗುಂಪಾಗಿ ಪರಿಗಣಿಸಿ, ಪ್ರತಿಯೊಬ್ಬರ ಚಿಕಿತ್ಸೆ ಹೇಗೆ ಮುಗಿಯಿತೆಂದು ಲೆಕ್ಕವಿಡತೊಡಗಿತು. ಮುಂದೆ ಕ್ಷಯರೋಗಿಗಳಲ್ಲಿ ಎಷ್ಟು ಮಂದಿಗೆ ಎಚ್‌ಐವಿ ಪರೀಕ್ಷೆ ಆಯಿತೆಂಬುದು ಎರಡು ಕಾರ್ಯಕ್ರಮಗಳ ಹೊಂದಾಣಿಕೆಯ ಅಳತೆಗೋಲಾಯಿತು.

ಸೇವೆಗಳು ಕೂಡಿವೆಯೇ ಎಂಬುದಕ್ಕೆ ಸರ್ಕಾರಿ ಆದೇಶ ಸಾಕ್ಷಿಯಲ್ಲ. ಕೆಮ್ಮುತ್ತ ಬಂದವನು ಗುಣಮುಖನಾಗಿ ಮನೆ ಸೇರಿದನೇ ಎಂಬುದೇ ಸಾಕ್ಷಿ. ತುಮಕೂರಿನ ಹಳ್ಳಿಗಳು ಕಲಿಸಿದ ಪಾಠ ಇದು.